ಬಾಗಿಲ ಹಿಡಿಕೆ

ಪತ್ರಿಕೆಯ ವರದಿ ಒಂದು ಹಾಳೆಗೆ ಹಿಡಿಯಲಿಲ್ಲ. ಆಲಿಸ್ಟರ್ ಗೆಡ್ಡಿಸ್ ಅದನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಅಡ್ಡಡ್ಡ ಇಟ್ಟ, ಉದ್ದುದ್ದ ಇಟ್ಟ, ಅಕ್ಷರ ಕುಗ್ಗಿಸಿ ನೋಡಿದ. ಇನ್ನೂ ಕುಗ್ಗಿಸಿದರೆ ಹಿಂದಿನ ಬೆಂಚಿನವರು ಓದುವ ಗೋಜಿಗೆ ಹೋಗುವುದಿಲ್ಲ. ಎರಡು ಹಾಳೆ ಮಾಡಿದರೆ ಒಂದನ್ನು ಕಳೆದುಕೊಂಡು ಬರುತ್ತಾರೆ. ಕಡೆಗೆ ಕೊನೆಯ ಪ್ಯಾರಾ ಗಾಜಿನಿಂದಾಚೆ ಉಳಿಯುವಂತೆ ಸರಿಸಿ ಗುಂಡಿ ಒತ್ತಿದ. ಬೆಚ್ಚಗಿನ ಹಾಳೆಗಳು ಒಂದರ ಮೇಲೊಂದು ಬಂದು ಬೀಳುವುದನ್ನು ನೋಡುತ್ತ ನಿಂತವನಿಗೆ ಒಂದು ಬಗೆಯ ನೆಮ್ಮದಿಯಾಯಿತು. ಮೊನ್ನೆ, ಸಮುದ್ರದಾಚೆ, ಆಸ್ಟ್ರೇಲಿಯಾದ ಯಾವುದೋ ಪೇಟೆಯ ಗ್ರಂಥಾಲಯದಲ್ಲಿ, ಹೊಸದಾಗಿ ಆ ದೇಶಕ್ಕೆ ಬಂದವರು ಇಂಗ್ಲಿಷ್ ಕಲಿಯಲು ಕೂತಿದ್ದ ಕೋಣೆಗೆ ಒಬ್ಬ ನುಗ್ಗಿ ಮೂವರನ್ನು ಕೊಂದಿದ್ದ. ಕೊಲ್ಲುವ ಮೊದಲು ಉದ್ದನೆಯ ಬರಹವೊಂದನ್ನು ಬರೆದು ಲೋಕಕ್ಕೆಲ್ಲ ಹಂಚಿದ್ದ. ಪತ್ರಿಕೆ ಅದರಿಂದ ಒಂದೇ ಒಂದು ಸಾಲನ್ನು ಎತ್ತಿ ಹಾಕಿತ್ತು: ಪ್ರತಿಯೊಂದೂ ಅದರದರ ಜಾಗದಲ್ಲಿರಬೇಕು. ಬೆಳಿಗ್ಗೆ ಗಂಜಿ ಕುಡಿಯುತ್ತ ಆ ಸಾಲನ್ನು ಓದಿದಾಗ ಗೆಡ್ಡಿಸ್‌ನ ಚಮಚ ನಿಂತಿತ್ತು. ನಿಂತಿದ್ದು ಗಾಬರಿಯಿಂದಲ್ಲ, ಎಂಥ ಒಳ್ಳೆಯ ಪಾಠ ಸಿಕ್ಕಿತಲ್ಲ ಎಂದು. ಗಾಬರಿ ಆಮೇಲೆ ಬಂತು, ಒಂದು ಗುಟುಕು ಗಂಜಿ ಒಳಗಿಳಿದ ಮೇಲೆ. ಆ ಹಿಂದುಮುಂದು ಅವನನ್ನು ಬೆಳಗಿನಿಂದ ಕೊರೆಯುತ್ತಿತ್ತು. ಕೋಟು ತೊಡುವಾಗ, ಬೆಟ್ಟದ ರಸ್ತೆಯಲ್ಲಿ ಕಾರು ಇಳಿಸುವಾಗ, ದಕ್ಷಿಣದ ಗಾಳಿಗೆ ಮುಖ ಕೊಟ್ಟು ಶಾಲೆಯ ಅಂಗಳ ದಾಟುವಾಗ, ಮೊದಲು ಗಾಬರಿಯೇ ಆಯಿತೆಂದು ತನ್ನನ್ನು ತಾನು ನಂಬಿಸಲು ನೋಡಿದ್ದ. ಆಗಲಿಲ್ಲ.

ಇಂಗ್ಲಿಷ್ ತರಗತಿಗೆ ಪಠ್ಯವಾಗಿದ್ದ ಒಂದು ಕಾದಂಬರಿಯನ್ನು ಅವನು ವರ್ಷಾನುಗಟ್ಟಲೆ ಪಾಠ ಮಾಡುತ್ತ ಬಂದಿದ್ದ. ಒಂದು ದ್ವೀಪ. ಅಲ್ಲಿನ ಗವರ್ನರ್ ಯಾರೂ ಕಿಟಕಿಗೆ ಪರದೆ ಹಾಕಕೂಡದೆಂದು ಆಜ್ಞೆ ಮಾಡುತ್ತಾನೆ. ಯಾರ ಮನೆಯಲ್ಲಿ ಏನು ನಡೆಯುತ್ತಿದೆಯೆಂದು ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣಬೇಕು. ಜನ ಮೊದಮೊದಲು ದೀಪ ಆರಿಸಿ ಕೂರುತ್ತಾರೆ, ಆಮೇಲೆ ದೀಪ ಆರಿಸುವುದೂ ಅಪರಾಧವಾಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಮೂರನೆಯ ಭಾಗದಲ್ಲಿ ಗವರ್ನರ್ ಜ್ವರ ಬಂದು ಸಾಯುತ್ತಾನೆ. ಪುಸ್ತಕ ಮುಗಿದರೂ ಒಂದು ಮನೆಗೂ ಪರದೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಗೆಡ್ಡಿಸ್ ಪ್ರತಿ ವರ್ಷ ಕೇಳುತ್ತಿದ್ದ, ಸೀಮೆಸುಣ್ಣದ ಕಾಲದಿಂದ ಈಗಿನ ಬಿಳಿ ಹಲಗೆಯ ಕಾಲದವರೆಗೂ ಅದೇ ತ್ರಿಕೋನ ಬರೆಯುತ್ತಿದ್ದ: ಆಜ್ಞೆ ಮಾಡುವವನು, ಪಾಲಿಸುವವನು, ನೋಡುತ್ತ ನಿಲ್ಲುವವನು. ಆಳುವವನು ಒಳಗೆ ಹೊಕ್ಕುಬಿಟ್ಟಿದ್ದಾನೆ, ಹೊರಗೆ ಇರಬೇಕಾದ ಅಗತ್ಯ ಇಲ್ಲ: ಇದು ಅವನಿಗೆ ಬೇಕಾದ ಉತ್ತರ. ಅದನ್ನು ಬರೆದವರಿಗೆ ಒಳ್ಳೆಯ ಅಂಕ ಬರುತ್ತಿತ್ತು. ಸಾಹಿತ್ಯವನ್ನು ಈ ಹೊತ್ತಿನ ಲೋಕದ ಜೊತೆ ಜೋಡಿಸಿ ತೋರಿಸಬೇಕೆಂದು ಪರೀಕ್ಷೆಯವರ ಬೇಡಿಕೆಯಿತ್ತು. ಜೋಡಿಸಲು ಲೋಕ ಪ್ರತಿ ವರ್ಷ ಏನನ್ನಾದರೂ ಒದಗಿಸಿಕೊಡುತ್ತಿತ್ತು. ಈ ವರ್ಷ ಇದು. ಅವನು ಹಾಳೆಗಳನ್ನು ಎದೆಗವಚಿಕೊಂಡು ಮಹಡಿ ಹತ್ತಿದ.

ತರಗತಿಯಲ್ಲಿ ಹೀಟರಿನ ವಾಸನೆ, ಒದ್ದೆ ಉಣ್ಣೆಯ ವಾಸನೆ. ಕಿಟಕಿಯಾಚೆ ರಗ್ಬಿ ಮೈದಾನದಲ್ಲಿ ಕಡಲಹಕ್ಕಿಗಳು ಯಾರೋ ಚೆಲ್ಲಿದ ಚಿಪ್ಸಿಗೆ ಕಿತ್ತಾಡುತ್ತಿದ್ದವು. ಹಾಳೆ ಹಂಚುತ್ತ ಬಂದ ಗೆಡ್ಡಿಸ್ ರಹಫಳ ಮೇಜಿನ ಬಳಿ ನಿಂತ. ಸಿರಿಯಾದಿಂದ ಬಂದ ಕುಟುಂಬದ ಹುಡುಗಿ. ಈ ಊರಿಗೆ ಬಂದು ಕೆಲವು ವರ್ಷಗಳಾಗಿದ್ದವು. ಅವಳ ಮಾತಿನಲ್ಲಿ ಈ ದೇಶದ ದಕ್ಷಿಣ ತುದಿಯವರು ನಾಲಿಗೆ ಉರುಳಿಸಿ ಆಡುವ ರಕಾರವೂ ಸೇರಿಕೊಂಡುಬಿಟ್ಟಿತ್ತು. ಅವಳ ತಾಯಿ ಪೇಟೆಯ ಗ್ರಂಥಾಲಯದಲ್ಲಿ ಅಂಥದೇ ತರಗತಿಗೆ ಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆಯಿಂದ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಮಡಿಸಿ ಇಟ್ಟುಕೊಂಡಿದ್ದ. ಅವಳ ಕಿವಿಗಷ್ಟೇ ಹೇಳಬೇಕೆಂದಿದ್ದ ಅದು, ಹೀಟರಿನ ಗಿರಗಿರ ಅದೇ ಕ್ಷಣಕ್ಕೆ ನಿಂತುಹೋಗಿ, ಇಡೀ ಕೋಣೆಗೆ ಕೇಳಿಸಿತು.

"ರಹಫ್, ಇವತ್ತಿನ ಚರ್ಚೆ ನಿನಗೆ ಕಷ್ಟ ಅನ್ನಿಸಿದ್ರೆ ಹೊರಗೆ ಹೋಗ್ಬಹುದಮ್ಮ. ಕೇಳೋದೇನೂ ಬೇಡ."

ಎಲ್ಲರೂ ತಿರುಗಿ ನೋಡಿದರು. ರಹಫ್ ತಲೆಯೆತ್ತಿದಳು.

"ಯಾಕೆ ಸರ್? ನಂಗೊಬ್ಬಳಿಗೇ ಯಾಕೆ?"

"ಅಲ್ಲ, ಹಾಗಲ್ಲ. ಯಾರು ಬೇಕಾದ್ರೂ ಹೋಗ್ಬಹುದು."

"ಯಾರು ಬೇಕಾದ್ರೂ ಅಂದ್ರೆ ನಾನು ಹೋಗ್ಲಾ ಸರ್?" ಎಂದಳು ಹಿಂದಿನ ಬೆಂಚಿನ ಮಿರಿಯಾಮಾ, ಶಾಲೆಯ ರಗ್ಬಿ ತಂಡದವಳು, ಬಾಯಿ ಸುಮ್ಮನಿರದವಳು. "ನಂಗೂ ತುಂಬಾ ಕಷ್ಟ ಅನ್ನಿಸ್ತಿದೆ. ಕ್ಯಾಂಟೀನಲ್ಲಿ ಪೈ ಬಿಸಿಯಾಗಿದೆ."

ನಗೆ ಎದ್ದಿತು. ಗೆಡ್ಡಿಸ್ ಕೂಡ ನಕ್ಕ, ಕಿವಿ ಬಿಸಿಯಾದದ್ದು ಯಾರಿಗೂ ಕಾಣದಿರಲೆಂದು ಹಲಗೆಯ ಕಡೆ ತಿರುಗಿ ತ್ರಿಕೋನ ಬರೆಯತೊಡಗಿದ. ರಹಫ್ ನಗಲಿಲ್ಲ. ಹಾಳೆಯನ್ನು ಕೊನೆಯವರೆಗೆ ಓದಿ, ಮಗುಚಿ, ಖಾಲಿ ಬೆನ್ನನ್ನು ನೋಡಿದಳು.

"ಸತ್ತೋರ ಹೆಸರು ಇಲ್ವಾ ಸರ್? ಪೇಪರಲ್ಲಿ ಇತ್ತು. ಕೊನೇಲಿ."

"ಜಾಗ ಸಾಲಲಿಲ್ಲ," ಎಂದ ಅವನು. ಹೇಳಿದ ಮೇಲೆ ಮಾತು ಕಿವಿಗೆ ಬಿತ್ತು. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ.

ಚರ್ಚೆ ಚೆನ್ನಾಗಿಯೇ ನಡೆಯಿತು. ಚೆನ್ನಾಗಿ ನಡೆದದ್ದೇ ಅವನಿಗೆ ಆಮೇಲೆ ನುಂಗಲಾರದ್ದಾಯಿತು. ಕುರಿಸಾಕಣೆ ಮನೆತನದ ಕ್ಯಾಲಮ್, ಎಂದೂ ಕೈಯೆತ್ತದವನು, ಕೈಯೆತ್ತಿ, ಗವರ್ನರನಿಗೂ ಈ ಕೊಲೆಗಾರನಿಗೂ ಜನ ಬೇಡ, ನಕ್ಷೆ ಬೇಕು ಎಂದ. ಗೆಡ್ಡಿಸ್ ಅದನ್ನು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದ. ಗವರ್ನರನ ಕೈಯಲ್ಲಿ ಸೈನ್ಯ ಇತ್ತು, ಇವನು ಅಮ್ಮನ ಮನೆಯ ಹಿಂಗೋಣೆಯಲ್ಲಿದ್ದ, ಬಟ್ಟೆಯನ್ನೂ ಅಮ್ಮನೇ ಒಗೆಯುತ್ತಿದ್ದಿರಬೇಕು, ಇದೆಂಥ ಆಳ್ವಿಕೆ ಎಂದು ಮಿರಿಯಾಮಾ ಹಂಗಿಸಿದಳು. ಯಾವುದನ್ನೂ ಆಳಲಾರದವನೇ ಎಲ್ಲವನ್ನೂ ಆಳಲು ಹೊರಡುತ್ತಾನೆ ಎಂದು ಗೆಡ್ಡಿಸ್ ಹೇಳಿದ. ಹೇಳುವಾಗ ತನ್ನ ಸ್ವರ ಇಳಿದು ಇಂಪಾಗಿದ್ದು ಅವನಿಗೇ ಕೇಳಿಸಿತು. ಪ್ರಶ್ನೆಗಳು ಬಂದವು. ಕೊಲೆಗಾರನ ಬಾಲ್ಯ, ಅವನ ಒಂಟಿತನ, ಅವನ ವಾಕ್ಯರಚನೆ ಕೂಡ. ಕೊಲೆಗಾರ ನಿಮಿಷ ನಿಮಿಷಕ್ಕೆ ಬೆಳೆಯುತ್ತ ಕೋಣೆ ತುಂಬ ಕೂತುಬಿಟ್ಟ. ಆಗ ರಹಫ್ ಎದ್ದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ಹಳದಿ ಬಣ್ಣದ ಮರದ ತುಂಡನ್ನು ಎತ್ತಿಕೊಂಡಳು. ಶೌಚಾಲಯಕ್ಕೆ, ನೀರಿಗೆ ಹೋಗುವವರು ಅದನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಅವಳು ಕೇಳಲಿಲ್ಲ, ಅವನು ತಡೆಯಲಿಲ್ಲ. ಬಾಗಿಲು ಮುಚ್ಚಿಕೊಂಡ ಕೂಡಲೇ ಅವನ ಹೆಗಲು ಹಗುರಾಯಿತು. ಇನ್ನು ಸರಾಗವಾಗಿ ಮಾತಾಡಬಹುದು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಮಾತಾಡಿದ.

ಗೆಡ್ಡಿಸ್ ಚಿಕ್ಕವನಿದ್ದಾಗ ಅಪ್ಪನ ಊಟದ ಮೇಜಿನಲ್ಲೂ ಏಳುವ ಮುಂಚೆ ಕೇಳಬೇಕಿತ್ತು. ನಾನು ಏಳಬಹುದೇ ಎಂದು ಕೇಳಿ, ಅಪ್ಪ ಚಹಾ ಲೋಟ ಕೆಳಗಿಟ್ಟು ಹೂಂ ಅನ್ನುವವರೆಗೆ ತಣ್ಣಗಾದ ಬಟಾಣಿ ನೋಡುತ್ತ ಕೂರಬೇಕಿತ್ತು. ಅಪ್ಪ ಕೆಟ್ಟವನಲ್ಲ, ಒಂದು ದಿನವೂ ಕೈಯೆತ್ತಿದವನಲ್ಲ. ಅವನಿಗೆ ಲೋಟ ಕೆಳಗಿಡಲು ಹೊತ್ತು ಬೇಕಾಗುತ್ತಿತ್ತು, ಅಷ್ಟೆ. ಒಂದು ಭಾನುವಾರ ಅಕ್ಕ ಐಲಾ ಕೇಳದೆಯೇ ಎದ್ದು, ಕುರ್ಚಿಯನ್ನು ನೀಟಾಗಿ ಒಳಕ್ಕೆ ತಳ್ಳಿ ಹೊರಟುಹೋದಳು. ಯಾರೂ ತಲೆಯೆತ್ತಲಿಲ್ಲ. ಅವಳ ಹೆಜ್ಜೆ ಜಲ್ಲಿಯ ಮೇಲೆ ದೂರವಾಗುವುದನ್ನು ಕೇಳುತ್ತ ಎಲ್ಲರೂ ಅಗಿದರು. ಗೆಡ್ಡಿಸ್‌ಗೆ ಈಗಲೂ ಬಾಯಲ್ಲಿ ಆ ಬಟಾಣಿಯ ಹಿಟ್ಟು ಹಿಟ್ಟು ರುಚಿ. ಮಕ್ಕಳೇ, ಆಳುವವನಿಗೆ ದೊಣ್ಣೆ ಬೇಕಾಗಿಲ್ಲ, ಎಂದು ತರಗತಿಗೆ ಹೇಳುತ್ತಿದ್ದ ಅವನು. ಅಷ್ಟರಲ್ಲಿ ಸೈರನ್ ಕೂಗಿತು.

ಬೆಂಕಿಯದಾದರೆ ಉದ್ದಕ್ಕೆ ಕೂಗುತ್ತದೆ. ಇದು ತುಂಡು ತುಂಡು. ಬೀಗದ ತಾಲೀಮು, ಶಾಲೆಗೆ ಯಾರಾದರೂ ನುಗ್ಗಿದರೆ ಬಾಗಿಲು ಹಾಕಿಕೊಂಡು ಅಡಗುವ ಅಭ್ಯಾಸ. ಈ ತಿಂಗಳಲ್ಲಿ ಒಂದು ದಿನ, ಮುಂಚೆ ತಿಳಿಸದೆ, ಎಂದು ಪ್ರಕಟಣೆ ಬಂದಿತ್ತು. ಮೊನ್ನೆಯ ಸುದ್ದಿಯ ಬೆನ್ನಿಗೇ ಇಟ್ಟುಕೊಂಡಿದ್ದಾರೆ ಎಂದುಕೊಂಡ. ತಾಲೀಮೇ, ನೂರಕ್ಕೆ ತೊಂಬತ್ತು ಪಾಲು ತಾಲೀಮೇ. ಉಳಿದ ಹತ್ತು ಪಾಲನ್ನು ಅವನು ಬೇಕಾದಾಗ ಬಳಸಿಕೊಳ್ಳಲೆಂದು ಪಕ್ಕಕ್ಕಿಟ್ಟ. ದೀಪ ಆರಿಸಿದ, ಬಾಗಿಲ ಚಿಲಕ ತಿರುವಿದ, ಕಿಟಕಿಗಳ ಪರದೆಗಳನ್ನು ಒಂದೊಂದಾಗಿ ಇಳಿಸಿದ. ಮಕ್ಕಳು ಮೇಜಿನ ಕೆಳಗೆ, ಗೋಡೆಯ ಬುಡಕ್ಕೆ ಸರಿದು ಕೂತರು. ಇಷ್ಟು ದೊಡ್ಡವರು ಇಷ್ಟು ಚಿಕ್ಕದಾಗಿ ಮಡಿಸಿಕೊಳ್ಳಬಲ್ಲರೆಂದು ಪ್ರತಿ ಸಲವೂ ಅವನಿಗೆ ಆಶ್ಚರ್ಯ. ಯಾರೇ ಬಂದರೂ ಬಾಗಿಲು ತೆಗೆಯಕೂಡದು, ಯಾರ ಹೆಸರು ಹೇಳಿದರೂ ತೆಗೆಯಕೂಡದು: ನಿಯಮ ಅದು. ಕಳೆದ ವರ್ಷದ ತಾಲೀಮಿನಲ್ಲಿ ಉಪಪ್ರಾಂಶುಪಾಲೆ ಮೊರಾಗ್ ಟೈಟ್ ಬಾಗಿಲು ಬಾಗಿಲಿಗೆ ಹೋಗಿ ತಟ್ಟಿ, ನಾನು ಕಣ್ರೋ, ತೆಗೀರಿ ಎಂದು ಪರೀಕ್ಷೆ ಮಾಡಿದ್ದಳು. ಇಡೀ ಶಾಲೆಯಲ್ಲಿ ತೆಗೆದವನು ಗೆಡ್ಡಿಸ್ ಒಬ್ಬನೇ. ಪರಿಚಿತ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಿರುವಾಗ ತೆಗೆಯದಿರುವುದು ಅವನಿಗೆ ಹೊಳೆದಿರಲೇ ಇಲ್ಲ. ಆ ಮಧ್ಯಾಹ್ನ ಸಿಬ್ಬಂದಿಯ ಸಭೆಯಲ್ಲಿ ಅವಳು, "ಆಲಿಸ್ಟರ್, ನೀನು ಸತ್ತೆ ಕಣಯ್ಯ. ನಿನ್ನ ಜೊತೆ ಕ್ಲಾಸು ಪೂರ್ತಿ ಸತ್ತಿತು. ಪಾಪ, ಒಳ್ಳೇ ಮಕ್ಕಳಿದ್ರು," ಎಂದಿದ್ದಳು, ಉಳಿದವರಿಗೆಲ್ಲ ಚಾಕೊಲೇಟ್ ಹಂಚಿದ್ದಳು. ಸಲುಗೆಯ ತಮಾಷೆ. ಆಮೇಲೆ ವಾರಗಟ್ಟಲೆ, ಗಣಿತದ ಮೇಷ್ಟರು ಅವನು ಕಂಡಾಗೆಲ್ಲ ಇಲ್ಲದ ಟೋಪಿ ತೆಗೆದು ಎದೆಗಿಟ್ಟುಕೊಂಡು ಸಂತಾಪ ಸೂಚಿಸುತ್ತಿದ್ದ.

ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ. ಓಡುವ ಹೆಜ್ಜೆ, ಆಮೇಲೆ ನಿಂತ ಹೆಜ್ಜೆ. ಬಾಗಿಲು ತಟ್ಟಿದ ಸದ್ದು.

"ಸರ್."

ಗೆಡ್ಡಿಸ್ ಬಾಗಿಲಿನ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

"ಸರ್, ನಾನು ಸರ್. ರಹಫ್."

ಮೇಜಿನ ಕೆಳಗಿಂದ ಮಿರಿಯಾಮಾ ಪಿಸುಗುಟ್ಟಿದಳು: "ಸರ್, ರಹಫ್ ಬಂದಿದಾಳೆ. ತೆಗೀರಿ."

ಅವನು ತುಟಿಯ ಮೇಲೆ ಬೆರಳಿಟ್ಟ.

"ಸರ್, ಅವಳೇ ಸರ್. ತೆಗೀರಿ ಅಂದ್ರೆ!"

ಮೊರಾಗ್ ಈ ಸಲ ಮಕ್ಕಳನ್ನೇ ಕಳಿಸುತ್ತಿರಬಹುದು, ಪರೀಕ್ಷೆ ಬಿಗಿ ಮಾಡಿರಬಹುದು ಎಂದು ಒಂದು ಯೋಚನೆ ಬಂತು. ಅದು ತಾನಾಗಿ ಬಂದದ್ದಲ್ಲ, ತಾನೇ ಹೋಗಿ ಕರೆತಂದದ್ದೆಂದು ಅವನಿಗೆ ಗೊತ್ತಿತ್ತು. ಹೊರಗೆ ಮರದ ತುಂಡು ಬಾಗಿಲಿಗೆ ತಗುಲಿ ಟಕ್ಕೆಂದಿತು. ಅವಳು ಆ ಹಳದಿ ತುಂಡನ್ನು ಇನ್ನೂ ಹಿಡಿದುಕೊಂಡೇ ಇದ್ದಾಳೆ, ಬಿಟ್ಟಿಲ್ಲ. ಅವನ ಕೈ ಹಿಡಿಕೆಯ ಮೇಲೆ ಹೋಯಿತು. ಹಳೆಯ ಕಟ್ಟಡದ ಹಿತ್ತಾಳೆಯ ಹಿಡಿಕೆ, ಮಂಜಿನಷ್ಟು ತಣ್ಣಗಿತ್ತು. ಇನ್ನೊಂದು ಕೈಯಿಂದ ಚಿಲಕ ತಿರುವಿದರೆ ಮುಗಿಯಿತು. ಹಿಡಿಕೆಯನ್ನು ಒತ್ತಿದ, ಅರ್ಧ ಇಳಿಯಿತು. ಆಗ ಅವನಿಗೆ ಕಂಡದ್ದು ಕೊಲೆಗಾರನಲ್ಲ, ಗವರ್ನರನಲ್ಲ. ಕಂಡದ್ದು ಎದೆಯ ಮೇಲೆ ಟೋಪಿ ಇಟ್ಟುಕೊಂಡ ಗಣಿತದ ಮೇಷ್ಟರು. ಸದ್ದಾಗದಂತೆ, ಸ್ಪ್ರಿಂಗು ಕಿರುಗುಟ್ಟದಂತೆ, ಹಿಡಿಕೆಯನ್ನು ಮೆಲ್ಲಗೆ ಮೇಲಕ್ಕೆ ಬಿಟ್ಟ. ಸದ್ದಾಗದಂತೆ ಬಿಟ್ಟೆನೆಂದು ಒಂದು ಕ್ಷಣ ಹೆಮ್ಮೆಯೂ ಪಟ್ಟ. ತಟ್ಟುವುದು ನಿಂತಿತು. ಮತ್ತೆ ಸದ್ದಿಲ್ಲ. ಕತ್ತಲಲ್ಲಿ ಯಾರೋ ಮೂಗು ಸೇದಿದರು, ಮಿರಿಯಾಮಾಳ ಕಣ್ಣು ತನ್ನ ಮೇಲೇ ಇರುವುದು ಅವನಿಗೆ ನೋಡದೆಯೂ ತಿಳಿಯುತ್ತಿತ್ತು. ಹಲಗೆಯ ಮೇಲೆ ತ್ರಿಕೋನ ಮಸುಕಾಗಿ ಕಾಣುತ್ತಿತ್ತು. ಅದರ ಯಾವ ಮೂಲೆಯಲ್ಲಿ ನಿಂತಿದ್ದೇನೆಂದು ಅವನು ಯೋಚಿಸಲು ಹೋಗಲಿಲ್ಲ, ಅಂಥ ಯೋಚನೆಗಳು ಎಷ್ಟು ಸುಲಭಕ್ಕೆ ಸಿಗುತ್ತವೆಂದು ಬಲ್ಲವನಾದ್ದರಿಂದ.

ಗಂಟೆ ಬಾರಿಸಿ ಎಲ್ಲ ಮುಗಿಯಿತೆಂದು ಸಾರಿದಾಗ ಚಿಲಕ ತೆಗೆದವಳು ಮಿರಿಯಾಮಾ. ಕಾರಿಡಾರಿನ ಎದುರು ಗೋಡೆಗೆ ತೂಗುಹಾಕಿದ ಕೋಟುಗಳ ಕೆಳಗೆ, ನೇತಾಡುವ ಯಾರದೋ ದೊಡ್ಡ ಕೋಟನ್ನು ಮುಂದಕ್ಕೆಳೆದುಕೊಂಡು, ಮೊಣಕಾಲು ಮಡಚಿ ರಹಫ್ ಕೂತಿದ್ದಳು. ಬೂಟುಗಳಷ್ಟೇ ಕಾಣುತ್ತಿದ್ದವು. ಎದ್ದು, ಸ್ಕರ್ಟು ಕೊಡವಿಕೊಂಡು, ಒಳಗೆ ಬಂದು ಹಳದಿ ತುಂಡನ್ನು ಮೊಳೆಗೆ ಹಾಕಿದಳು. ಅದು ಒಂದೇ ಸಲಕ್ಕೆ ಸಿಕ್ಕಲಿಲ್ಲ. ಎರಡು ಮೂರು ಸಲ ಪ್ರಯತ್ನಿಸಬೇಕಾಯಿತು.

"ಧ್ವನಿ ಗುರುತು ಸಿಗಲಿಲ್ಲಮ್ಮ," ಎಂದ ಗೆಡ್ಡಿಸ್. "ಪರೀಕ್ಷೆ ಮಾಡೋಕೆ ಬಂದಿದಾರೆ ಅಂದ್ಕೊಂಡೆ."

ಕೋಣೆಯಲ್ಲಿ ಯಾರೂ ಕುರ್ಚಿ ಎಳೆಯಲಿಲ್ಲ. ಕ್ಯಾಲಮ್ ತನ್ನ ಬೂಟಿನ ಲಾಡಿ ನೋಡುತ್ತಿದ್ದ.

"ಪರವಾಗಿಲ್ಲ ಸರ್," ಎಂದಳು ರಹಫ್. "ನಾನು ತಟ್ಟೋದು ನಿಲ್ಸಿದ್ದು ಸರಿ ತಾನೆ? ತಟ್ತಾ ಇದ್ರೆ ಈ ರೂಮಲ್ಲಿ ಜನ ಇದಾರೆ ಅಂತ ಗೊತ್ತಾಗಿಬಿಡುತ್ತೆ."

"ಸರಿ," ಎಂದ ಅವನು. "ಸರಿ ಮಾಡಿದೆ." ಅವಳು ನಮ್ಮನ್ನು ಉಳಿಸಲೆಂದು ನಿಲ್ಲಿಸಿದಳು: ಈ ಮಾತು ಅವನ ಎದೆಗೆ ನಾಟಿತು, ನಾಟಿದ್ದರ ಜೊತೆಗೇ ಅದರಲ್ಲೊಂದು ಆಸರೆಯೂ ಸಿಕ್ಕಿತು. ನೋವನ್ನೂ ಆಸರೆಯನ್ನೂ ಬಿಡಿಸಿ ನೋಡಲು ಅವನಿಂದಾಗಲಿಲ್ಲ.

ಚಹಾದ ಬಿಡುವಿಗೆ ಸಿಬ್ಬಂದಿಯ ಕೋಣೆಯಲ್ಲಿ ಬಿಸಿ ಚೀಸ್ ರೋಲುಗಳ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಮೊರಾಗ್ ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದಳು.

"ಕೇಳ್ರಪ್ಪಾ! ನಮ್ಮ ಆಲಿಸ್ಟರ್ ಈ ವರ್ಷ ಬದುಕಿಕೊಂಡ!"

ಎಲ್ಲರೂ ಹೋ ಎಂದರು. ಗಣಿತದ ಮೇಷ್ಟರು ಇಲ್ಲದ ಟೋಪಿಯನ್ನು ಎದೆಯಿಂದ ಎತ್ತಿ ತಲೆಗೆ ಹಾಕಿಕೊಂಡ. ಬಂಗಾರದ ಕಾಗದ ಸುತ್ತಿದ ಚಾಕೊಲೇಟ್ ಗೆಡ್ಡಿಸ್‌ನ ಕೈಗೆ ಬಂತು. ಅವನು ಗದ್ದಲ ಇಳಿಯುವವರೆಗೆ ಕಾದು ಮೊರಾಗಳ ಬಳಿ ಹೋದ.

"ಮೊರಾಗ್, ಹೊರಗೆ ನನ್ನ ಹುಡುಗಿ ಒಬ್ಬಳಿದ್ದಳು. ರಹಫ್. ತಟ್ಟಿದಳು. ಅವಳೇ ಅಂತ ನಂಗೆ ಗೊತ್ತಿತ್ತು."

ಮೊರಾಗ್ ಕುರ್ಚಿಯಿಂದಿಳಿದು ಅವನ ತೋಳು ಹಿಡಿದಳು. ಅವಳ ಮುಖದಲ್ಲಿ ನಿಜವಾದ ಮರುಕವಿತ್ತು. ಮೊನ್ನೆಯ ಸುದ್ದಿ ಕೇಳಿ ಕಳೆದ ರಾತ್ರಿ ಅವಳು ನಿದ್ದೆ ಮಾಡಿದಂತಿರಲಿಲ್ಲ.

"ಗೊತ್ತಿದ್ದೂ ತೆಗೀಲಿಲ್ವಲ್ಲ, ಅದೇ ಕಷ್ಟದ ಕೆಲಸ. ಅದನ್ನೇ ನಾನು ಇವರಿಗೆಲ್ಲ ಬಡ್ಕೊಳ್ತಿರೋದು. ಒಬ್ಬರಿಗೋಸ್ಕರ ಎಲ್ಲರನ್ನೂ ಬಲಿ ಕೊಡೋಕಾಗುತ್ತಾ? ನೀನು ಸರಿಯಾಗೇ ಮಾಡಿದೀಯ ಕಣೋ. ಮಗೂನ ಕೌನ್ಸೆಲರ್ ಹತ್ರ ಕಳಿಸೋಣ."

ಅವಳ ಮಾತಿನಲ್ಲಿ ತಪ್ಪು ಹುಡುಕಲು ಅವನು ನಿಂತಲ್ಲೇ ಪ್ರಯತ್ನಿಸಿದ. ನಿಜವಾಗಿ ಯಾರಾದರೂ ಬಂದಿದ್ದರೆ ಎಂಬ ಹತ್ತು ಪಾಲು ಅಲ್ಲಿ ಇದ್ದೇ ಇತ್ತು. ಆದರೆ ತಾನು ಬಾಗಿಲು ತೆಗೆಯದೆ ಇದ್ದದ್ದು ಆ ಹತ್ತು ಪಾಲಿಗಾಗಿ ಅಲ್ಲ ಎಂಬುದನ್ನು ಅವಳಿಗೆ ಹೇಳುವುದು ಹೇಗೆ? ಬಾಗಿಲು ತೆಗೆಯಲಿಲ್ಲ, ಸರಿ, ಚಾಕೊಲೇಟಿಗಾಗಿ ತೆಗೆಯಲಿಲ್ಲ. ಯಾರೋ ಚೀಸ್ ರೋಲ್ ಮುಂದೆ ಹಿಡಿದರು. ತೆಗೆದುಕೊಂಡ. ತಿಂದ ಕೂಡ.

ಸಂಜೆ ಮನೆಗೆ ಹೋಗುವ ಮುನ್ನ ಮತ್ತೆ ಜೆರಾಕ್ಸ್ ಯಂತ್ರದ ಮುಂದೆ ನಿಂತ. ವರದಿಯ ಕೊನೆಯ ಪ್ಯಾರಾವನ್ನು ಗಾಜಿನ ನಡುವೆ ಇಟ್ಟು ಬೇರೆ ಹಾಳೆ ಮಾಡಿದ. ಮೂರು ಹೆಸರುಗಳು, ಅವರವರ ವಯಸ್ಸು, ಒಬ್ಬಾಕೆ ಅಂದೇ ಮೊದಲ ಸಲ ಆ ತರಗತಿಗೆ ಬಂದಿದ್ದಳೆಂಬ ಸಂಗತಿ. ಅಷ್ಟಕ್ಕೇ ಮುಗಿಯಿತು, ಹಾಳೆಯ ತುಂಬ ಬಿಳಿ ಉಳಿಯಿತು. ಹೆಸರುಗಳನ್ನು ಸರಿಯಾಗಿ ಉಚ್ಚರಿಸಲು ಖಾಲಿ ಕೋಣೆಯಲ್ಲಿ ಪ್ರಯತ್ನಿಸಿದ, ನಾಲಿಗೆ ಹೊರಳಲಿಲ್ಲ. ನಾಳೆ ಎರಡು ಕೆಲಸ ಮಾಡಬೇಕು, ಈ ಹಾಳೆ ಹಂಚುವುದು, ಸುಳ್ಳು ಹೇಳಿದೆನೆಂದು ಒಪ್ಪಿಕೊಳ್ಳುವುದು, ಎಂದು ನಿಶ್ಚಯಿಸಿದ. ಎರಡನೆಯದು ಕಷ್ಟದ್ದು. ಆದರೆ ಹೇಳಿಬಿಟ್ಟರೆ ಅವಳು ದೊಡ್ಡ ಮನಸ್ಸಿನವಳು, ತಾನಾಗಿ ತಟ್ಟುವುದನ್ನು ನಿಲ್ಲಿಸಿದವಳು, ಅರ್ಥಮಾಡಿಕೊಳ್ಳುತ್ತಾಳೆ ಎನ್ನಿಸಿತು. ಹಾಗೆನ್ನಿಸಿದ ಮೇಲೆ ಆ ರಾತ್ರಿ ನಿದ್ದೆಯೂ ಬಂತು.

ಮರುದಿನ ಅವನು ಒಳಗೆ ಬಂದಾಗ ರಹಫ್ ಕಿಟಕಿಯ ಬಳಿಯ ತನ್ನ ಜಾಗದಲ್ಲಿರಲಿಲ್ಲ. ಬಾಗಿಲಿನ ಪಕ್ಕದ ಮೇಜಿಗೆ ಬಂದಿದ್ದಳು. ಅಲ್ಲಿ ಕೂರುತ್ತಿದ್ದ ಕ್ಯಾಲಮ್ ಯಾರೂ ಹೇಳದೆಯೇ ಅವಳ ಹಳೆಯ ಜಾಗಕ್ಕೆ ಹೋಗಿ ಕೂತಿದ್ದ. ಗೆಡ್ಡಿಸ್ ಹಾಳೆಗಳನ್ನು ಹಂಚಿದ. ರಹಫ್ ಮೂರು ಹೆಸರುಗಳನ್ನು ತುಟಿಯಲ್ಲೇ ಓದಿಕೊಂಡಳು. ಅವನು ಮೇಜಿನ ಅಂಚು ಹಿಡಿದು ನಿಂತ.

"ನಿನ್ನೆ ಒಂದು ಮಾತು ಹೇಳಿದೆ. ಧ್ವನಿ ಗುರುತು ಸಿಗಲಿಲ್ಲ ಅಂದೆ. ಅದು ಸುಳ್ಳು. ಸಿಕ್ಕಿತ್ತು."

ಮಿರಿಯಾಮಾ ಅವನನ್ನು ನೋಡಿದಳು, ಆಮೇಲೆ ರಹಫಳನ್ನು.

"ಗೊತ್ತು ಸರ್," ಎಂದಳು ರಹಫ್.

"ಗೊತ್ತಿತ್ತಾ?"

"ಹಿಡಿಕೆ ಕೆಳಗೆ ಬಂತಲ್ಲ." ಅವಳು ಅಂಗೈಯನ್ನು ಗಾಳಿಯಲ್ಲಿಟ್ಟು ಅರ್ಧ ಇಳಿಸಿ ತೋರಿಸಿದಳು. "ಇಲ್ಲೀವರೆಗೂ ಬಂತು. ಆಮೇಲೆ ನಿಧಾನಕ್ಕೆ ಮೇಲೆ ಹೋಯ್ತು. ಅದು ತಾನಾಗೇ ಹೋದ್ರೆ ಟಪ್ ಅಂತ ಹೋಗುತ್ತೆ ಸರ್. ಯಾರೋ ಹಿಡ್ಕೊಂಡಿದ್ರೇನೇ ಅಷ್ಟು ನಿಧಾನಕ್ಕೆ ಹೋಗೋದು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿನ್ನೆ ಸತ್ತವರ ಹೆಸರು ಕೇಳಿದಾಗಿನ ದನಿಯೇ ಅದು.

"ಆಗ ನಾನು ತಟ್ಟೋದು ನಿಲ್ಸಿದೆ," ಎಂದಳು, ಮತ್ತು ಪುಸ್ತಕ ತೆರೆದು ಪಾಠ ಎಲ್ಲಿಗೆ ನಿಂತಿತ್ತೆಂದು ಹುಡುಕತೊಡಗಿದಳು.